ಓಬೇಲೆ ಹಾಡಿಗೆ ಬಸ್ ಚಾರ್ಜು ಯಾರು ಕೊಡುತ್ತಾರೆ?

ಪ್ರತಿ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಇದೇ ಪ್ರಶ್ನೆ. ಬಿಎ ಓದುವ ಹುಡುಗಿಯೋ ಹುಡುಗನೋ ಒದ್ದೆ ಕೊಡೆಯನ್ನು ಸ್ಟಾಫ್ ರೂಮಿನ ಹೊರಗೆ ಬಿಡಿಸಿಟ್ಟು ಬಾಗಿಲಲ್ಲಿ ನಿಲ್ಲುತ್ತಾರೆ. "ಟೀಚರ್, ಡಿಗ್ರಿಯಲ್ಲೇ ರಿಸರ್ಚ್ ಮಾಡಿದ್ರೆ ದುಡ್ಡು ಸಿಗ್ತದಂತೆ, ಹೌದಾ?"

ಸಿಗುತ್ತದೆ. ಆದರೆ ಅವರು ಹುಡುಕುವ ಹೆಸರಿನಲ್ಲಿ ಸಿಗುವುದಿಲ್ಲ. ವಿಜ್ಞಾನ ಓದುವವರಿಗೆಂದು ಕೇಂದ್ರ ಸರಕಾರ ಇನ್‌ಸ್ಪೈರ್ ಅಂತ ಒಂದು ಯೋಜನೆ ಮಾಡಿತು. ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆ ಪ್ರಾಜೆಕ್ಟಿಗೇ ಮೀಸಲು. ಕನ್ನಡ, ಚರಿತ್ರೆ, ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಅಂಥದ್ದಿಲ್ಲ. ಸಮಾಜ ವಿಜ್ಞಾನದ ಸಂಶೋಧನೆಗೆ ಐಸಿಎಸ್‌ಎಸ್‌ಆರ್, ಚರಿತ್ರೆಯ ಸಂಶೋಧನೆಗೆ ಐಸಿಎಚ್‌ಆರ್ ಎಂಬ ದೊಡ್ಡ ಸಂಸ್ಥೆಗಳೇನೋ ದಿಲ್ಲಿಯಲ್ಲಿವೆ. ಅವುಗಳ ಫೆಲೋಶಿಪ್ ಪಿಎಚ್‌ಡಿ ಮಾಡುವವರಿಗೆ, ಪ್ರಾಜೆಕ್ಟ್ ಹಣ ಅಧ್ಯಾಪಕರಿಗೆ. ಬಿಎ ಮಕ್ಕಳು ಆ ಬಾಗಿಲು ತಟ್ಟಿ ಪ್ರಯೋಜನ ಇಲ್ಲ.

ಹಾಗಾಗಿ ಬೇರೆ ಬೇರೆ ಹೆಸರಿನ ಹಣವನ್ನು ಹುಡುಕಿ, ಯಾವುದು ನಿಮ್ಮ ಕೆಲಸಕ್ಕೆ ಹೊಂದುತ್ತದೆ ಅಂತ ನೋಡಬೇಕು. ನಾನು ಕಾಸರಗೋಡಿನಲ್ಲಿ ಪಾಠ ಮಾಡುವವಳು. ಇಲ್ಲಿನ ಲೆಕ್ಕವನ್ನೇ ಜಾಸ್ತಿ ಹೇಳುತ್ತೇನೆ.

ಮೊದಲು ಒಂದು ಖರ್ಚಿನ ಚೀಟಿ

ಕೆಲವು ವರ್ಷದ ಹಿಂದೆ ಬಾಯಾರು ಎಂಬ ಊರಿನ ಕಡೆಯ ಹುಡುಗಿಯೊಬ್ಬಳು ಓಬೇಲೆ ಹಾಡುಗಳ ಮೇಲೆ ಪ್ರಾಜೆಕ್ಟ್ ಮಾಡುತ್ತೇನೆ ಎಂದಳು. ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ಹಾಡುವ ತುಳು ಹಾಡು. "ಎಷ್ಟು ಖರ್ಚಾದೀತು?" ಎಂದು ಕೇಳಿದೆ. "ಖರ್ಚೇನಿಲ್ಲ ಟೀಚರ್, ಮೊಬೈಲಲ್ಲಿ ರೆಕಾರ್ಡ್ ಮಾಡುವುದು" ಎಂದಳು.

ಮೊದಲ ಅಜ್ಜಿಯ ಮನೆಯಲ್ಲೇ ಲೆಕ್ಕ ತಪ್ಪಿತು. ಅಜ್ಜಿ ಜಗಲಿಯಲ್ಲಿ ಕೂತು ಹಾಡಲು ಒಪ್ಪಲಿಲ್ಲ. ಸೊಂಟ ಬಗ್ಗಿಸದೆ ಓಬೇಲೆ ಬಾಯಿಗೆ ಬರುವುದಿಲ್ಲ ಅಂತ ಅವರ ವಾದ. ಗದ್ದೆಗೆ ಹೋಗೋಣ ಎಂದರೆ ಗದ್ದೆ ಎಲ್ಲಿ? ಎಲ್ಲ ಅಡಿಕೆ ತೋಟ ಆಗಿದೆ. ಕೊನೆಗೆ ತೋಟಕ್ಕೇ ಇಳಿದು, ಕೈಯಲ್ಲಿ ಒಂದು ಹಿಡಿ ಹುಲ್ಲು ಹಿಡಿದು, ನೆಡುವ ಹಾಗೆ ಬಗ್ಗಿ ಬಗ್ಗಿ ಹಾಡಿದರು. ಹಾಡು ಸಲೀಸಾಗಿ ಬಂತು. ಮನೆಗೆ ಬಂದು ಕೇಳಿದರೆ ಹಾಡಿನ ಹಿಂದೆ ಉದ್ದಕ್ಕೂ ಪಂಪ್‌ಸೆಟ್ಟಿನ ಗಡಗಡ. ಇನ್ನೊಂದು ಸಲ ಹೋಗಬೇಕಾಯಿತು, ಮೈಕ್ ತಗೊಂಡು.

ಅವಳ ಕೊನೆಯ ಚೀಟಿ ನನ್ನ ಹತ್ತಿರ ಈಗಲೂ ಇದೆ. ಬಸ್ಸಿಗೆ 1,180 ರೂಪಾಯಿ. ಹಾಡಿದ ಐವರಿಗೆ ಒಂದೊಂದು ಸೀರೆ, ಒಟ್ಟು 2,000. ಮೆಮೊರಿ ಕಾರ್ಡ್ 650, ಕಾಲರಿಗೆ ಸಿಕ್ಕಿಸುವ ಮೈಕ್ 900, ಜೆರಾಕ್ಸ್ 460, ಪ್ರಿಂಟ್ ಮತ್ತು ಬೈಂಡಿಂಗ್ 1,150. ಒಟ್ಟು 6,340 ರೂಪಾಯಿ. ಅದರ ಮೇಲೆ, ಒಂದು ಗಂಟೆಯ ಹಾಡನ್ನು ಬರೆದಿಳಿಸಲು ಅವಳಿಗೆ ಎರಡು ದಿನ ಹಿಡಿಯಿತು. ಆ ದಿನಗಳಿಗೆ ಯಾರೂ ಬೆಲೆ ಕಟ್ಟಲಿಲ್ಲ, ಅವಳೂ ಕಟ್ಟಲಿಲ್ಲ.

ಚರಿತ್ರೆಯವರ ಚೀಟಿ ಬೇರೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಅಂದರೆ ಮದ್ರಾಸಿನ ಆಡಳಿತ. ಹಾಗಾಗಿ ಹಳೆಯ ಕಡತ ಬೇಕೆಂದರೆ ತಿರುವನಂತಪುರಕ್ಕೆ ಹೋಗಿ ಲಾಭ ಕಡಿಮೆ. ಮಂಗಳೂರು ನೋಡಬೇಕು, ಇಲ್ಲವೇ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ. ಮಧ್ಯಾಹ್ನದ ಮದ್ರಾಸ್ ಮೇಲಿಗೆ ಹತ್ತಿದರೆ ಮರುದಿನ ಬೆಳಗ್ಗೆ ಚೆನ್ನೈ. ರೈಲಿನ ಖರ್ಚು ದೊಡ್ಡದಲ್ಲ, ಅಲ್ಲಿ ನಾಲ್ಕು ದಿನ ಉಳಿಯುವ ಖರ್ಚು ದೊಡ್ಡದು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಮಕ್ಕಳು ಮೊದಲು ಸ್ಕಾಲರ್‌ಶಿಪ್ ಹುಡುಕಿ ಆಮೇಲೆ ವಿಷಯ ಯೋಚಿಸುತ್ತಾರೆ. ತಿರುಗಾ ಮುರುಗಾ ಮಾಡಿ. ಆರು ಸಾವಿರದ ಕೆಲಸಕ್ಕೆ ಲಕ್ಷದ ಅರ್ಜಿ ಹಾಕಿ ಎರಡು ವರ್ಷ ಕಾಯುವುದು ಹುಚ್ಚು. ಯಾವ ಹಣವನ್ನೇ ಆಗಲಿ ಮೂರು ಪ್ರಶ್ನೆ ಕೇಳಿ ತೂಗಿ: ಕೈಗೆ ಯಾವಾಗ ಬರುತ್ತದೆ? ಯಾರ ಹೆಸರಿಗೆ ಬರುತ್ತದೆ? ಬದಲಿಗೆ ನೀವು ಏನು ಕೊಡಬೇಕು? ಎಷ್ಟು ಎಂಬುದು ನಾಲ್ಕನೆಯ ಪ್ರಶ್ನೆ.

ಸಂಶೋಧನೆಯ ಹೆಸರಿಲ್ಲದ ಹಣವೇ ಒಳ್ಳೆಯದು

ನನ್ನ ಅಭಿಪ್ರಾಯದಲ್ಲಿ ಬಿಎ ಮಕ್ಕಳಿಗೆ ಅತ್ಯಂತ ಉಪಯೋಗದ ಹಣ ಎಂದರೆ ಸಾಮಾನ್ಯ ಮೆರಿಟ್ ಸ್ಕಾಲರ್‌ಶಿಪ್. ಇದನ್ನು ಕೇಳಿದ ಮಕ್ಕಳ ಮುಖ ಸಪ್ಪೆಯಾಗುತ್ತದೆ. ಆದರೆ ಯೋಚಿಸಿ, ನಿಮ್ಮ ಖಾತೆಗೇ ನೇರ ಬರುತ್ತದೆ. ಯಾವುದಕ್ಕೆ ಖರ್ಚು ಮಾಡಿದಿರಿ ಅಂತ ಯಾರೂ ಬಿಲ್ಲು ಕೇಳುವುದಿಲ್ಲ. ಅಜ್ಜಿಗೆ ಸೀರೆ ಕೊಟ್ಟದ್ದಕ್ಕೆ ಜಿಎಸ್‌ಟಿ ರಸೀದಿ ಬೇಕಾಗಿಲ್ಲ.

ಇಲ್ಲಿ ಮುಖ್ಯವಾಗಿ ಎರಡಿವೆ. ಒಂದು, ಕೇರಳ ರಾಜ್ಯ ಉನ್ನತ ಶಿಕ್ಷಣ ಕೌನ್ಸಿಲಿನದ್ದು. ಮೊದಲ ವರ್ಷ 12,000, ಎರಡನೇ ವರ್ಷ 18,000, ಮೂರನೇ ವರ್ಷ 24,000. ಮೂರು ವರ್ಷಕ್ಕೆ 54,000 ರೂಪಾಯಿ. ಮುಂದೆ ಎಂಎ ಸೇರಿದರೆ 40,000, ಆಮೇಲೆ 60,000. ಇನ್ನೊಂದು, ಕೇಂದ್ರ ಸರಕಾರದ್ದು, ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್ ಮೂಲಕ. ಪ್ಲಸ್ ಟುವಿನಲ್ಲಿ ನಿಮ್ಮ ಬೋರ್ಡಿನ ಮೇಲಿನ ಇಪ್ಪತ್ತು ಪರ್ಸೆಂಟೈಲ್ ಒಳಗಿರಬೇಕು, ಮನೆಯ ವರಮಾನ ನಾಲ್ಕೂವರೆ ಲಕ್ಷದೊಳಗಿರಬೇಕು. ವರ್ಷಕ್ಕೆ 12,000, ಅಂದರೆ ಡಿಗ್ರಿ ಮುಗಿಯುವಾಗ 36,000.

ಎರಡನ್ನೂ ಒಟ್ಟಿಗೆ ತಗೊಳ್ಳುವ ಹಾಗಿಲ್ಲ. ಕೇಂದ್ರದ್ದರಲ್ಲಿ ಬೇರೆ ಸ್ಕಾಲರ್‌ಶಿಪ್ ಇದ್ದವರಿಗೆ ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ, ರಾಜ್ಯದ್ದೂ ಸೇರಿ. ಹಾಗಾದರೆ ಯಾವುದು? ಮೊತ್ತ ನೋಡಿದರೆ ಕೌನ್ಸಿಲಿನದ್ದೇ. ಅದು ಏರುತ್ತಾ ಹೋಗುವುದು ಇನ್ನೂ ಚೆನ್ನ, ಯಾಕೆಂದರೆ ಪ್ರಾಜೆಕ್ಟಿನ ಖರ್ಚು ಬರುವುದೂ ಮೂರನೇ ವರ್ಷದಲ್ಲೇ. ಆದರೆ ಅಲ್ಲಿ ಆಯ್ಕೆಯಾಗುವವರು ಇಡೀ ರಾಜ್ಯಕ್ಕೆ ಕೆಲವೇ ಮಂದಿ. ಕೇಂದ್ರದ್ದು ಸಣ್ಣದಾದರೂ ಸಿಗುವ ಸಾಧ್ಯತೆ ಜಾಸ್ತಿ. ಎರಡಕ್ಕೂ ಅರ್ಜಿ ಹಾಕಿ, ಸಿಕ್ಕಿದ್ದನ್ನು ಇಟ್ಟುಕೊಳ್ಳಿ. ಎರಡೂ ಸಿಕ್ಕಿದರೆ ಒಂದನ್ನು ಲಿಖಿತವಾಗಿ ಬಿಟ್ಟುಬಿಡಿ. ಸುಮ್ನೆ ಎರಡನ್ನೂ ತಗೊಂಡು ಆಮೇಲೆ ವಾಪಸು ಕಟ್ಟಿದವರನ್ನು ಕಂಡಿದ್ದೇನೆ.

ಇದರಲ್ಲಿ ಒಂದು ಕಿರಿಕಿರಿ ಇದೆ. ಇವೆರಡಕ್ಕೂ ಅರ್ಜಿ ಹಾಕುವುದು ಮೊದಲನೇ ವರ್ಷದಲ್ಲಿ. ಆಗ ಯಾರಿಗೂ ಸಂಶೋಧನೆಯ ಯೋಚನೆ ಇರುವುದಿಲ್ಲ. ಮೂರನೇ ವರ್ಷದಲ್ಲಿ ವಿಷಯ ಸಿಕ್ಕಿದಾಗ ಬಾಗಿಲು ಮುಚ್ಚಿರುತ್ತದೆ. ಹಾಗಾಗಿ ಈ ಬರಹವನ್ನು ಓದುವ ಮೂರನೇ ವರ್ಷದವರು ದಯವಿಟ್ಟು ಮನೆಯಲ್ಲಿರುವ ಪ್ಲಸ್ ಟು ತಮ್ಮನಿಗೋ ತಂಗಿಗೋ ಇದನ್ನು ತೋರಿಸಿ. ವಿಲ್ಲೇಜ್ ಆಫೀಸಿನ ವರಮಾನ ಸರ್ಟಿಫಿಕೇಟು, ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆ, ಇವೆರಡು ಕೈಯಲ್ಲಿದ್ದರೆ, ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಒಂದು ಮಧ್ಯಾಹ್ನದ ಕೆಲಸ. ಇಲ್ಲದಿದ್ದರೆ ಒಂದು ವಾರ ಅಲೆದಾಟ.

ಕಾಲೇಜಿನ ಒಳಗೇ ಕೇಳಿ

ಕಣ್ಣೂರು ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಲ್ಲಿ ಬಿಎ ಪ್ರಾಜೆಕ್ಟಿಗೆ ಕ್ರೆಡಿಟ್, ಅಂದರೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಅಂಕ, ಸಿಗುತ್ತದೆ. ಬಸ್ ಚಾರ್ಜು ಕ್ರೆಡಿಟ್ಟಿನೊಳಗೆ ಬರುವುದಿಲ್ಲ. ಆದರೆ ಕಾಸರಗೋಡಿನ ಸರಕಾರಿ ಕಾಲೇಜಿರಲಿ, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜಿರಲಿ, ಕೇರಳದ ಕಾಲೇಜು ಎಂದ ಮೇಲೆ ಒಂದು ಪಿಟಿಎ, ಅಂದರೆ ಹೆತ್ತವರ ಮತ್ತು ಅಧ್ಯಾಪಕರ ಸಂಘ, ಇದ್ದೇ ಇರುತ್ತದೆ. ಪಿಟಿಎಯಿಂದ ಎರಡು ಮೂರು ಸಾವಿರ ಕೇಳುವುದು ಕಷ್ಟವಲ್ಲ. ಡಿಪಾರ್ಟ್‌ಮೆಂಟಿನ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕೇಳುವುದು ಇನ್ನೂ ಸುಲಭ. ಬಾಯಾರಿನ ಹುಡುಗಿಯ ಮೈಕ್ ಬಂದದ್ದು ಹಾಗೇ. ಗಲ್ಫಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬರುವಾಗ ತಂದುಕೊಟ್ಟ. ಚೀಟಿಯಲ್ಲಿ 900 ಎಂದು ಬರೆದದ್ದು ಅದರ ಬೆಲೆ. ಈಗ ಅದು ಡಿಪಾರ್ಟ್‌ಮೆಂಟಿನ ಮೈಕ್.

ವಾಕ್ ವಿತ್ ಸ್ಕಾಲರ್ ಎಂಬ ಕಾರ್ಯಕ್ರಮದ ಬಗ್ಗೆಯೂ ಕೇಳಿ ನೋಡಿ. ಅದರಲ್ಲಿ ಕೈಗೆ ದುಡ್ಡು ಬರುವುದಿಲ್ಲ. ಆದರೆ ಹೊರಗಿನ ವಿದ್ವಾಂಸರೊಬ್ಬರನ್ನು ಕರೆಸಿ ನಿಮ್ಮ ಕೆಲಸ ತೋರಿಸುವ ಅವಕಾಶ ಸಿಗುತ್ತದೆ. ಬಸ್ ಚಾರ್ಜಿಗಿಂತ ಅದು ದೊಡ್ಡದು ಎಂದು ಆಮೇಲೆ ಗೊತ್ತಾಗುತ್ತದೆ.

ನಿಮ್ಮ ಅಧ್ಯಾಪಕರಿಗೆ ಯಾವುದಾದರೂ ಸಂಶೋಧನಾ ಪ್ರಾಜೆಕ್ಟ್ ಇದ್ದರೆ ಅದರಲ್ಲಿ ಕ್ಷೇತ್ರಕಾರ್ಯದ ಸಹಾಯಕರಾಗಿ ಸೇರುವುದು ಇನ್ನೊಂದು ದಾರಿ. ದುಡ್ಡು ಬೇಗ ಬರುತ್ತದೆ, ಕೆಲಸ ಕಲಿಯುತ್ತೀರಿ. ಆದರೆ ವಿಷಯ ಅವರದ್ದು. ನೀವು ಸಂಗ್ರಹಿಸಿದ ಸಾಮಗ್ರಿಯನ್ನು ನಿಮ್ಮ ಪ್ರಾಜೆಕ್ಟಿಗೆ ಬಳಸಬಹುದಾ, ಪ್ರಕಟವಾಗುವಾಗ ನಿಮ್ಮ ಹೆಸರು ಎಲ್ಲಿರುತ್ತದೆ ಎಂದು ಮೊದಲ ದಿನವೇ ಕೇಳಿಬಿಡಿ. ಕೇಳಲು ನಾಚಿಕೆ ಪಡಬೇಡಿ. ನಾನು ನನ್ನ ಕಾಲದಲ್ಲಿ ಕೇಳಲಿಲ್ಲ. ಒಂದು ಬೇಸಿಗೆ ಪೂರ್ತಿ ಮನೆ ಮನೆ ತಿರುಗಿ ತಂದ ಗಾದೆಗಳು ಪುಸ್ತಕವಾಗಿ ಬಂದಾಗ ನನ್ನ ಹೆಸರು ಮುನ್ನುಡಿಯ ಕೊನೆಯ ಸಾಲಿನಲ್ಲೂ ಇರಲಿಲ್ಲ.

ನಾಲ್ಕನೇ ವರ್ಷ ಓದುವುದಾ, ಬಿಡುವುದಾ?

ಈಗ ಎಲ್ಲರೂ ತಲೆ ಕೆಡಿಸಿಕೊಳ್ಳುವ ವಿಷಯ ಇದು. 2024ರ ಜುಲೈಯಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದಿದೆ. ಮೂರು ವರ್ಷಕ್ಕೆ 133 ಕ್ರೆಡಿಟ್ ಮುಗಿಸಿ ಹೊರಗೆ ಹೋಗಬಹುದು. ನಾಲ್ಕು ವರ್ಷ ಇದ್ದು 177 ಮುಗಿಸಿದರೆ ಆನರ್ಸ್. ಮೊದಲ ಆರು ಸೆಮಿಸ್ಟರಿನಲ್ಲಿ 75 ಶೇಕಡ ಇದ್ದವರಿಗೆ ಸಂಶೋಧನೆಯೊಂದಿಗೆ ಆನರ್ಸ್, ಅದರಲ್ಲಿ 12 ಕ್ರೆಡಿಟಿನ ಪ್ರಬಂಧ. ಮೊದಲ ಬ್ಯಾಚು ನಾಲ್ಕನೇ ವರ್ಷಕ್ಕೆ ಕಾಲಿಡುವುದು 2027ರಲ್ಲಿ.

ಇದರ ಜೊತೆಗೆ ತಿಂಗಳ ಭತ್ಯೆ ಬರುತ್ತದೆ ಎಂದುಕೊಂಡವರು ಬಹಳ ಮಂದಿ. ನಾಲ್ಕನೇ ವರ್ಷ ಎಂದರೆ ಹಣ ಅಲ್ಲ, ಸಮಯ. ಒಂದೇ ವಿಷಯದ ಮೇಲೆ ಕೂರಲು ಸಿಗುವ ಸಮಯ. ಅದಕ್ಕೊಂದು ಬೆಲೆಯೂ ಇದೆ: ಇನ್ನೊಂದು ವರ್ಷ ಹಾಸ್ಟೆಲು, ಬಸ್ಸು, ಮನೆಯವರ "ಇನ್ನೂ ಮುಗೀಲಿಲ್ವಾ?"

ಹೀಗೆ ತೂಗಿ ನೋಡಿ. ಮೂರು ವರ್ಷ ಮುಗಿಸಿ ಎರಡು ವರ್ಷದ ಎಂಎ ಮಾಡಿದರೂ ಐದು ವರ್ಷ. ನಾಲ್ಕು ವರ್ಷ ಮುಗಿಸಿ ಒಂದು ವರ್ಷದ ಎಂಎ ಮಾಡಿದರೂ ಐದು ವರ್ಷವೇ. ವ್ಯತ್ಯಾಸ ಎಲ್ಲಿ ಬರುತ್ತದೆ ಎಂದರೆ, ನಾಲ್ಕು ವರ್ಷದ ಡಿಗ್ರಿಯಲ್ಲಿ 75 ಶೇಕಡ ಇದ್ದವರು ಎಂಎ ಇಲ್ಲದೆಯೇ ಯುಜಿಸಿ ನೆಟ್ ಬರೆದು ಪಿಎಚ್‌ಡಿಗೆ ಹೋಗಬಹುದು. ಆ ಪರೀಕ್ಷೆಯಲ್ಲಿ ಮೇಲೆ ಬಂದವರಿಗೆ ಕೊಡುವ ಫೆಲೋಶಿಪ್, ಜೆಆರ್‌ಎಫ್, ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ನಮ್ಮ ವಿಷಯಗಳಲ್ಲಿ ಸಂಶೋಧನೆ ಎಂಬ ಹೆಸರಿನಲ್ಲಿ ಬರುವ ಮೊದಲ ದೊಡ್ಡ ದುಡ್ಡು ಅದೇ.

ಆದರೆ ಎಲ್ಲರಿಗೂ ನಾಲ್ಕನೇ ವರ್ಷ ಎಂದು ನಾನು ಹೇಳುವುದಿಲ್ಲ. ಕನ್ನಡದ ವಿಷಯವಾದರೆ ನಿಮ್ಮ ಕಾಲೇಜಿನಲ್ಲಿ ಆ ವಿಷಯ ಬಲ್ಲ, ಪಿಎಚ್‌ಡಿ ಆದ ಮಾರ್ಗದರ್ಶಕರು ಇದ್ದಾರಾ ನೋಡಿ. ಇಲ್ಲದಿದ್ದರೆ ಮೂರು ವರ್ಷಕ್ಕೆ ಮುಗಿಸಿ ಕೊಣಾಜೆಗೆ ಹೋಗುವುದೇ ಮೇಲು. ಮಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಅಲ್ಲಿದೆ, ಯಕ್ಷಗಾನ ಅಧ್ಯಯನ ಕೇಂದ್ರ ಇದೆ. ಮಂಜೇಶ್ವರದವರಿಗೆ ತೊಕ್ಕೊಟ್ಟಿನಲ್ಲಿ ಇಳಿದು ಬಸ್ ಬದಲಿಸಿದರೆ ಆಯಿತು, ಕಾಸರಗೋಡಿಗೆ ಬರುವುದಕ್ಕಿಂತ ದೂರವೇನೂ ಅಲ್ಲ.

ಹೊಸ ಡಿಗ್ರಿಯಲ್ಲಿ ಇಂಟರ್ನ್‌ಶಿಪ್ಪಿಗೂ ಎರಡು ಕ್ರೆಡಿಟ್ ಇದೆ. ಹೆಚ್ಚಿನವರು ಅದನ್ನು ಯಾವುದೋ ಆಫೀಸಿನಲ್ಲಿ ಕೂತು ಕಳೆಯುತ್ತಾರೆ. ಒಂದು ಪತ್ರಿಕಾ ಕಚೇರಿಯ ಹಳೆ ಸಂಚಿಕೆಗಳ ಕೋಣೆಯಲ್ಲಿ, ಇಲ್ಲವೇ ಗ್ರಂಥಾಲಯದಲ್ಲಿ ಕಳೆದರೆ ಪ್ರಾಜೆಕ್ಟಿನ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಖರ್ಚಿಲ್ಲ.

ತಲಪಾಡಿಯ ಆಚೆಯ ಹಣ

ತಲಪಾಡಿ ಅಂದರೆ ಕೇರಳ ಮುಗಿದು ಕರ್ನಾಟಕ ಶುರುವಾಗುವ ಗಡಿ. ಕಾಸರಗೋಡಿನ ಕನ್ನಡದ ಮಕ್ಕಳಿಗೆ ಬೇರೆ ಯಾರಿಗೂ ಇಲ್ಲದ ಒಂದು ಆಸೆ ಇದೆ: ಕರ್ನಾಟಕ ಕೊಡುತ್ತದೆ ಎಂಬುದು. ಕೊಡುತ್ತದೆ ನಿಜ. 2010ರ ಕಾಯ್ದೆಯಂತೆ ಬಂದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ. ತುಳು, ಕೊಂಕಣಿ, ಬ್ಯಾರಿ, ಅರೆಭಾಷೆ, ಯಕ್ಷಗಾನ, ಜಾನಪದ, ಒಂದೊಂದಕ್ಕೂ ಅಕಾಡೆಮಿ ಇದೆ. ಗಡಿನಾಡಿಗೆ ಹಣ ಬರುವುದು ನಮ್ಮ ಕಣ್ಣೆದುರೇ ಕಾಣುತ್ತದೆ, ಉತ್ಸವ, ಸಮ್ಮೇಳನ, ಕಮ್ಮಟ.

ಆದರೆ ಎರಡನೇ ಪ್ರಶ್ನೆ ಇಲ್ಲಿ ಅಡ್ಡ ಬರುತ್ತದೆ: ಯಾರ ಹೆಸರಿಗೆ? ಗಡಿ ಪ್ರಾಧಿಕಾರದ ಅನುದಾನ ಸಂಘ ಸಂಸ್ಥೆಗಳ ದಾರಿಯಲ್ಲಿ ಬರುತ್ತದೆ, ವಿದ್ಯಾರ್ಥಿಯ ಖಾತೆಗಲ್ಲ. ಹಾಗಾಗಿ ನಿಮ್ಮ ಕೆಲಸವನ್ನು ಒಂದು ಸಂಘದ ಕಾರ್ಯಕ್ರಮದೊಳಗೆ ಸೇರಿಸಬೇಕು. ಉದಾಹರಣೆಗೆ, ಓಬೇಲೆ ಹಾಡುವ ಐವರು ಅಜ್ಜಿಯರನ್ನು ಒಂದು ದಿನ ಕರೆಸಿ ಹಾಡಿಸುವ ಕಮ್ಮಟ. ಸಂಘಕ್ಕೆ ಕಾರ್ಯಕ್ರಮ ಸಿಕ್ಕಿತು, ಅಜ್ಜಿಯರಿಗೆ ಗೌರವಧನ ಸಿಕ್ಕಿತು, ನಿಮಗೆ ರೆಕಾರ್ಡಿಂಗ್ ಸಿಕ್ಕಿತು. ಇದು ಚೆನ್ನಾಗಿ ನಡೆಯುವ ದಾರಿ.

ಚೆನ್ನಾಗಿ ನಡೆಯದ ದಾರಿಯನ್ನೂ ಹೇಳುತ್ತೇನೆ. ನನ್ನ ವಿದ್ಯಾರ್ಥಿಯೊಬ್ಬ ಹೀಗೇ ಒಂದು ಸಂಘದ ಮೂಲಕ ಹಣ ಬರುತ್ತದೆ ಎಂದು ನಂಬಿ, ಬಾಡಿಗೆ ಕ್ಯಾಮೆರಾ ತಂದು, ಸ್ವಂತ ಕೈಯಿಂದ ಎಂಟು ಸಾವಿರ ಹಾಕಿದ. ಅವನ ಪ್ರಾಜೆಕ್ಟಿನ ವೈವಾ ಮುಗಿದು ಏಳು ತಿಂಗಳ ಮೇಲೆ ಸಂಘಕ್ಕೆ ಹಣ ಬಂತು. ಆಗ ಅವನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿಯಾಗಿತ್ತು. ಬಿಲ್ಲುಗಳ ಶಾಯಿಯೇ ಅಳಿಸಿ ಹೋಗಿತ್ತು, ಥರ್ಮಲ್ ಕಾಗದ ನೋಡಿ. ಅವನಿಗೆ ಸಿಕ್ಕಿದ್ದು ಒಂದು ಶಾಲು. ಅದಕ್ಕೇ ಹೇಳುವುದು, ಬಿಲ್ಲು ಸಿಕ್ಕಿದ ದಿನವೇ ಜೆರಾಕ್ಸ್ ಮಾಡಿಸಿಡಿ, ಬರುವ ಹಣವನ್ನು ನಂಬಿ ಸಾಲ ಮಾಡಬೇಡಿ.

ಅಕಾಡೆಮಿ, ಪ್ರಾಧಿಕಾರಗಳ ಪ್ರಕಟಣೆ ಓದುವಾಗ ಒಂದು ಪದ ಹುಡುಕಿ. "ಕರ್ನಾಟಕದ ನಿವಾಸಿ" ಎಂದಿದೆಯಾ, "ಕನ್ನಡಿಗ" ಎಂದಿದೆಯಾ? ಎರಡರ ನಡುವೆ ತಲಪಾಡಿ ಚೆಕ್‌ಪೋಸ್ಟ್ ಇದೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರ ನಿಯಮ ಇದೆ, ಕಾಸರಗೋಡು, ಹೊಸದುರ್ಗ, ಮಂಜೇಶ್ವರದ ಹೆಸರು ಅದರಲ್ಲೇ ಬರುತ್ತದೆ. ಅದು ಸೀಟಿನ ವಿಷಯ. ಅದನ್ನು ನೋಡಿ ಎಲ್ಲ ಯೋಜನೆಯಲ್ಲೂ ನಮಗೆ ಜಾಗ ಇದೆ ಎಂದುಕೊಳ್ಳಬೇಡಿ.

ಪ್ರಾಜೆಕ್ಟ್ ಮುಗಿದ ಮೇಲೆ ಅದನ್ನು ಪುಸ್ತಕ ಮಾಡುವ ಆಸೆ ಇದ್ದರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿಯ ಪ್ರೋತ್ಸಾಹಧನ ನೆನಪಿರಲಿ. 18ರಿಂದ 35 ವರ್ಷದವರಿಗೆ. ಅಲ್ಲೂ ಮೇಲಿನ ಪದವನ್ನೇ ಮೊದಲು ನೋಡಿ.

ಕುಣಿಯುವವರಿಗೆ ಬೇರೆ ಲೆಕ್ಕ

ಯಕ್ಷಗಾನದ ಬಗ್ಗೆ ಬರೆಯುವ ಮಕ್ಕಳಲ್ಲಿ ಅರ್ಧದಷ್ಟು ಜನ ಸ್ವತಃ ವೇಷ ಮಾಡುವವರು. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು ಇದು, ಆಶ್ಚರ್ಯ ಏನಿಲ್ಲ. ಇವರಿಗೆ ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ಸ್ಕಾಲರ್‌ಶಿಪ್ ಇದೆ. 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000, ಎರಡು ವರ್ಷ. ಒಟ್ಟು 1,20,000. ದೇಶಕ್ಕೆಲ್ಲ ಸೇರಿ 400 ಮಂದಿಗೆ.

ಮೊತ್ತವೇನೋ ದೊಡ್ಡದು. ಆದರೆ ಇದು ಕಲಿಯುವುದಕ್ಕೆ ಕೊಡುವ ಹಣ, ಬರೆಯುವುದಕ್ಕಲ್ಲ. ಕನಿಷ್ಠ ಐದು ವರ್ಷ ಗುರುಗಳ ಹತ್ತಿರ ಕಲಿತಿರಬೇಕು, ಪರಿಣತರ ಮುಂದೆ ಮಾಡಿ ತೋರಿಸಬೇಕು. ಹಣ ತಿಂಗಳು ತಿಂಗಳು ಬರುವುದೂ ಇಲ್ಲ, ಆರು ತಿಂಗಳಿಗೊಮ್ಮೆ ಕಂತಿನಲ್ಲಿ. ಚೆಂಡೆಯ ಪೆಟ್ಟುಗಳ ಬಗ್ಗೆ ಪ್ರಬಂಧ ಬರೆಯುವ ಹುಡುಗನಿಗೆ ಚೆಂಡೆ ಬಾರಿಸಲೂ ಬಂದರೆ ಇದಕ್ಕೆ ಹಾಕಬೇಕು. ಸುಮ್ನೆ ಆಟ ನೋಡಿ ಬರೆಯುವವರಿಗೆ ಇದು ಅಲ್ಲ. ಇದೇ ಇಲಾಖೆಯ ಜೂನಿಯರ್ ಫೆಲೋಶಿಪ್ ತಿಂಗಳಿಗೆ 10,000, ಅದರಲ್ಲಿ ಸಂಶೋಧನೆಗೂ ಜಾಗ ಇದೆ. ಆದರೆ ಅದಕ್ಕೆ 25 ವರ್ಷ ಆಗಬೇಕು. ಕಾಯಿರಿ.

ಪಂಚಾಯತು, ಗ್ರಂಥಾಲಯ

ಇದನ್ನು ಯಾರೂ ಯೋಚಿಸುವುದಿಲ್ಲ. ಕೇರಳದ ಪಂಚಾಯತುಗಳಿಗೆ ಸ್ವಂತ ಯೋಜನೆ, ಸ್ವಂತ ಹಣ ಇದೆ. 1996ರಲ್ಲಿ ಜನಕೀಯ ಯೋಜನೆ ಶುರುವಾದಾಗ ಒಂದೊಂದು ಪಂಚಾಯತೂ ವಿಕಸನ ರೇಖೆ ಎಂಬ ಪುಸ್ತಕ ಮಾಡಿತು. ಅದರಲ್ಲಿ ಊರಿನ ಚರಿತ್ರೆಯದ್ದೇ ಒಂದು ಭಾಗ. ಸ್ಥಳೀಯ ಚರಿತ್ರೆ ಬರೆಯುವವರು ಮೊದಲು ನಿಮ್ಮ ಪಂಚಾಯತಿನದ್ದನ್ನು ಹುಡುಕಿ ಓದಿ. ಆ ಪುಸ್ತಕ ಕೈಯಲ್ಲಿ ಹಿಡಿದು, "ಇದರಲ್ಲಿ ನಮ್ಮ ವಾರ್ಡಿನ ಕೊರಗರ ಕಾಲೊನಿಯ ಬಗ್ಗೆ ಎರಡೇ ಸಾಲು ಇದೆ, ನಾನು ಹತ್ತು ಪುಟ ಬರೆದುಕೊಡುತ್ತೇನೆ" ಎಂದು ವಾರ್ಡ್ ಮೆಂಬರ್ ಹತ್ತಿರ ಹೋದರೆ ಬಾಗಿಲು ತೆರೆಯುವ ಸಾಧ್ಯತೆ ಇದೆ. ದುಡ್ಡು ಸಿಗದಿದ್ದರೂ ಜೀಪು ಸಿಗುತ್ತದೆ, ಪರಿಚಯ ಸಿಗುತ್ತದೆ.

ಊರಿನ ಗ್ರಂಥಾಲಯ ರಾಜ್ಯ ಲೈಬ್ರರಿ ಕೌನ್ಸಿಲಿಗೆ ಸೇರಿದ್ದಾದರೆ ಅದಕ್ಕೆ ವಾರ್ಷಿಕ ಗ್ರಾಂಟ್ ಇದೆ. ನಿಮ್ಮ ಪ್ರಾಜೆಕ್ಟನ್ನು ಅಲ್ಲಿ ಒಂದು ಸಂಜೆ ಓದುತ್ತೇನೆ ಎಂದರೆ ಪ್ರಿಂಟಿನ ಖರ್ಚು ಹೊರಡಬಹುದು.

ದೊಡ್ಡ ಹಣ, ಆಮೇಲಿನ ಮಾತು

ಬೆಂಗಳೂರಿನಲ್ಲಿ 1993ರಲ್ಲಿ ಶುರುವಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲೆಯ ಮೇಲಿನ ಸಂಶೋಧನೆಗೆ ಅನುದಾನ ಕೊಡುತ್ತದೆ. ಕನ್ನಡದಲ್ಲೇ ಪ್ರಸ್ತಾವ ಬರೆದು ಕಳಿಸಬಹುದು ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. ಆದರೆ ಅವರು ನಿರೀಕ್ಷಿಸುವುದು ವರ್ಷಗಟ್ಟಲೆ ಆ ವಿಷಯದಲ್ಲಿ ಮುಳುಗಿದವರನ್ನು. ಬಿಎ ಪ್ರಾಜೆಕ್ಟಿಗೆ ಅಲ್ಲ, ಅದೇ ಪ್ರಾಜೆಕ್ಟ್ ಬೆಳೆದು ದೊಡ್ಡದಾದ ಮೇಲೆ ಹಾಕಿ.

ವಿಕಿಮೀಡಿಯ ಫೌಂಡೇಶನ್ನಿನ ರ‍್ಯಾಪಿಡ್ ಫಂಡ್ 500ರಿಂದ 5,000 ಡಾಲರ್‌ವರೆಗೆ. ತುಳು ವಿಕಿಪೀಡಿಯ 2016ರಲ್ಲಿ ಶುರುವಾಗಿದೆ, ತುಳುವಿನ ಕೆಲಸ ಮಾಡುವವರಿಗೆ ಅಲ್ಲಿ ಜಾಗ ಇದೆ. ಮೊದಲು ಅಲ್ಲಿ ಸ್ವಲ್ಪ ಕಾಲ ಬರೆದು ನಾಲ್ಕು ಜನಕ್ಕೆ ಗೊತ್ತಾಗಿರಬೇಕು. ಮೂರನೇ ಪ್ರಶ್ನೆಯೂ ಇಲ್ಲಿ ಗಟ್ಟಿಯಾಗಿ ಬರುತ್ತದೆ: ಬದಲಿಗೆ ಏನು ಕೊಡಬೇಕು? ಹಾಕಿದ ಹಾಡು, ಫೋಟೋ ಎಲ್ಲವೂ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಲೈಸೆನ್ಸಿನಲ್ಲಿ ಹೋಗುತ್ತದೆ. ಅದು ನಿಮ್ಮ ಹಾಡಲ್ಲ, ಅಜ್ಜಿಯ ಹಾಡು. ಅಜ್ಜಿಗೆ ಇದನ್ನು ತಿಳಿಸಿ ಹೇಳದೆ ಹಣ ತಗೊಳ್ಳಬೇಡಿ.

ಹಣವೇ ಬೇಡದ ಸಾಮಗ್ರಿಯೂ ಇದೆ. ಸ್ಟರಾಕ್ ಬರೆದ 1894ರ ದಕ್ಷಿಣ ಕನ್ನಡ ಮ್ಯಾನುವಲ್, ಅಂದರೆ ಜಿಲ್ಲೆಯ ಕೈಪಿಡಿ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ. ಬಾಸೆಲ್ ಮಿಶನ್ನಿನ ಹಳೆಯ ಫೋಟೋಗಳು ಅವರದ್ದೇ ತಾಣದಲ್ಲಿವೆ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ್ ಎಂಬ ತಾಣ ಇದೆ. ಚೆನ್ನೈ ರೈಲು ಹತ್ತುವ ಮುನ್ನ ಒಂದು ವಾರ ಇವುಗಳಲ್ಲಿ ಕಳೆಯಿರಿ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡದ ಮಕ್ಕಳಿಗೆ ಒಂದು ಮಾತು. ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳ ನಡುವೆ 2006ರಿಂದ ಆವಿಷ್ಕಾರ ಎಂಬ ಸಂಶೋಧನಾ ಸ್ಪರ್ಧೆ ನಡೆಯುತ್ತದೆ. ಮಾನವಿಕ, ಭಾಷೆ, ಲಲಿತಕಲೆಗೆ ಅದರಲ್ಲಿ ಪ್ರತ್ಯೇಕ ವಿಭಾಗ, ಡಿಗ್ರಿ ಮಕ್ಕಳಿಗೆ ಪ್ರತ್ಯೇಕ ಹಂತ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಹಾಗಾದರೆ ಯಾವುದಕ್ಕೆ ಹಾಕುವುದು?

ಮೊದಲ ವರ್ಷದಲ್ಲಿದ್ದರೆ ಎರಡು ಮೆರಿಟ್ ಸ್ಕಾಲರ್‌ಶಿಪ್ಪಿಗೂ ಹಾಕಿ, ಬೇರೆ ಮಾತಿಲ್ಲ. ಮೂರನೇ ವರ್ಷದಲ್ಲಿದ್ದು ಆರೇಳು ಸಾವಿರದ ಕ್ಷೇತ್ರಕಾರ್ಯವಾದರೆ ಪಿಟಿಎ, ಹಳೆ ವಿದ್ಯಾರ್ಥಿಗಳು, ಗ್ರಂಥಾಲಯ. ಚೆನ್ನೈಗೆ ಹೋಗಲೇಬೇಕಾದ ಚರಿತ್ರೆಯ ಕೆಲಸವಾದರೆ ಬಿಎಯಲ್ಲಿ ಮಂಗಳೂರಿನಲ್ಲಿ ಸಿಗುವಷ್ಟನ್ನು ಮಾಡಿ, ಎಗ್ಮೋರನ್ನು ನಾಲ್ಕನೇ ವರ್ಷಕ್ಕೋ ಎಂಎಗೋ ಇಡಿ. ವೇಷ ಕಟ್ಟುವವರು ಈ ವರ್ಷವೇ ಯುವ ಕಲಾವಿದರ ಸ್ಕಾಲರ್‌ಶಿಪ್ಪಿನ ಅರ್ಜಿ ನೋಡಿ, ವಯಸ್ಸು 25 ಬೇಗ ಬರುತ್ತದೆ. ಮನೆಯ ವರಮಾನ ಎರಡೂವರೆ ಲಕ್ಷದೊಳಗಿದ್ದು 75 ಶೇಕಡ ದಾಟುವವರಿಗೆ ಡಿಗ್ರಿ ಮುಗಿದ ಮೇಲೆ ಕೇರಳ ಮುಖ್ಯಮಂತ್ರಿಯ ವಿದ್ಯಾರ್ಥಿ ಪ್ರತಿಭಾ ಪುರಸ್ಕಾರ ಇದೆ, ಒಂದು ಲಕ್ಷ. ಆ ಹಣದಲ್ಲಿ ಲ್ಯಾಪ್‌ಟಾಪ್ ಮಾತ್ರ ತಗೊಳ್ಳಬೇಡಿ ಮಾರಾಯ್ರೇ.

ಎಲ್ಲಿ ಹಾಕಿದರೂ ಒಂದು ಪುಟದ ಅರ್ಜಿ ಸಾಕು. ಏನು ಮಾಡುತ್ತೀರಿ, ಯಾರ ಮನೆಗೆ ಹೋಗುತ್ತೀರಿ, ಎಷ್ಟು ಸಲ ಹೋಗುತ್ತೀರಿ, ಬಸ್ಸಿಗೆಷ್ಟು. ಮಲಯಾಳ ಓದುವ ಕಚೇರಿಗೆ ಕೊಡುವುದಾದರೆ ಕನ್ನಡದ್ದರ ಹಿಂದೆ ಮಲಯಾಳದಲ್ಲೂ ಒಂದು ಪುಟ ಇಡಿ, ತರಗತಿಯಲ್ಲಿ ಬರೆದುಕೊಡುವ ಗೆಳತಿ ಇದ್ದೇ ಇರುತ್ತಾಳೆ. ಬಜೆಟ್ಟಿನಲ್ಲಿ "ಇತರೆ" ಎಂದು ಬರೆಯಬೇಡಿ. ಬಾಯಾರಿನ ಹುಡುಗಿ "ಇತರೆ 2,000" ಎಂದು ಬರೆದಾಗ ಪಿಟಿಎಯವರು ಹೊಡೆದು ಹಾಕಿದರು. "ಹಾಡಿದ ಐವರಿಗೆ ಸೀರೆ, ಒಂದಕ್ಕೆ 400" ಎಂದು ತಿದ್ದಿ ಕೊಟ್ಟಾಗ ಅದೇ ಸಭೆಯಲ್ಲಿ ಪಾಸಾಯಿತು. ರಸೀದಿಯ ಬದಲಿಗೆ ಐದು ಹೆಬ್ಬೆಟ್ಟು ಇರುವ ಒಂದು ಹಾಳೆ ಫೈಲಿನಲ್ಲಿದೆ.